ಬಿಸಿನೀರಿನ ದಾರಿ ತಿರುಗಿಸಿದ ಬೇಸಿಗೆ

ಹೋದ ವಾರ ಚಾಮರಾಜಪೇಟೆಯಲ್ಲಿ ಹಪ್ಪಳ ಕೊಳ್ಳಲು ಒಂದು ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ನಿಲ್ಲಿಸಿದ್ದ ಯಾರದೋ ಕಾರಿನ ಅಡಿಯಿಂದ ಹಸಿರು ಬಣ್ಣದ ನೀರು ಸಣ್ಣಗೆ ಹರಿದು ಮೋರಿಯ ಕಡೆ ಹೊರಟಿತ್ತು. ಅದರ ವಾಸನೆ ನನಗೆ ಚೆನ್ನಾಗಿ ಗೊತ್ತು. ಬೆಲ್ಲದ ಪಾಕ ಸೀಯುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಅಂಥ ಸಿಹಿ. ಅದರೊಳಗೆ ಕಾದ ರಬ್ಬರಿನ ಒಂದು ಎಳೆ. ಎಂಜಿನ್ನನ್ನು ತಣ್ಣಗಿಡಲು ಅದರೊಳಗೆ ತಿರುಗುವ ಕೂಲೆಂಟ್ ನೀರಿನ ವಾಸನೆ. ಅಂಗಡಿಯವರು ಹಪ್ಪಳದ ಕಟ್ಟು ಹಿಡಿದುಕೊಂಡು "ಮೇಡಂ, ತಗೊಳ್ಳಿ ಮೇಡಂ" ಎಂದು ಕರೆಯುತ್ತಲೇ ಇದ್ದರಂತೆ. ನನಗೆ ಕೇಳಿಸಲಿಲ್ಲ. ಆ ಒಂದು ಬೇಸಿಗೆ ಪೂರ್ತಿಯಾಗಿ ಮೂಗಿನೊಳಗೆ ಬಂದು ಕೂತಿತ್ತು.

ಯುಗಾದಿಯ ಆಸುಪಾಸಿನಲ್ಲಿ ಒಂದೆರಡು ಸಂಜೆಯಾದರೂ ಗುಡುಗಿ, ಸುರಿದು, ನೆಲ ತಣಿಸಿಹೋಗುವ ಮಳೆ ಆ ವರ್ಷ ಬರಲೇ ಇಲ್ಲ. ಬೋರ್‌ವೆಲ್ಲುಗಳು ಬತ್ತಿದ್ದವು. ಬೆಳಗಾದರೆ ನಮ್ಮ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನೀರಿನ ಟ್ಯಾಂಕರುಗಳ ಹಾರ್ನು. ನಮ್ಮೂರಲ್ಲಿ ಫ್ಯಾನೇ ಜಾಸ್ತಿ ಎಂದು ನೆಂಟರ ಮುಂದೆ ಜಂಬ ಕೊಚ್ಚಿಕೊಂಡಿದ್ದವರೆಲ್ಲ ಕಿಟಕಿಗೆ ಒದ್ದೆ ಟವೆಲು ಕಟ್ಟುತ್ತಿದ್ದರು. ಉಳಿದವರ ಪಾಲಿಗೆ ಅದು ಸೆಕೆ, ಬೆವರು, ಒಂದಷ್ಟು ಗೊಣಗಾಟ. ನಮ್ಮ ಮನೆಯಲ್ಲಿ ಮಾತ್ರ ಹಾಗಲ್ಲ. ಹೊರಗೆ ಬಿಸಿಲು ಏರಿದರೆ ನಾವು ವಸುಧಾಳ ಕಾಲಿನ ಕಡೆ, ಕಣ್ಣಿನ ಕಡೆ ನೋಡುತ್ತಿದ್ದೆವು.

ವಸುಧಾ ನನ್ನ ನಾದಿನಿ, ನನ್ನ ಗಂಡ ಶ್ರೀಧರ್ ಅವರ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಯಲ್ಲೇ ಉಳಿದವಳು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ; ಅಂದರೆ ಪುಸ್ತಕ ಅಚ್ಚಾಗುವ ಮೊದಲು ಸಾಲು ಸಾಲು ಓದಿ ತಪ್ಪು ಹುಡುಕುವುದು. ಹುಡುಗಿಯಾಗಿದ್ದಾಗ ಸೇರಿದವಳು ಅಲ್ಲೇ ಕೂದಲು ಬೆಳ್ಳಗಾಗಿಸಿಕೊಂಡಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ದಿನ ಬಸ್ಸು ಇಳಿಯುವಾಗ ಅವಳ ಎಡಗಾಲು ಕೈಕೊಟ್ಟು ರಸ್ತೆಗೆ ಬಿದ್ದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಎಂ.ಎಸ್. ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದುಹೋಗುವ ಕಾಯಿಲೆ. ವಿದ್ಯುತ್ ತಂತಿಯ ರಬ್ಬರು ಕಿತ್ತುಹೋದ ಹಾಗೆ ಅಂದುಕೊಳ್ಳಿ ಎಂದು ಅವರು ವಿವರಿಸಿದ್ದರು. ಔಷಧಿಯಲ್ಲಿ ಅದು ಹತೋಟಿಗೆ ಬಂದಿತ್ತು. ಆದರೆ ಮೈ ಬಿಸಿಯಾದರೆ ಸಾಕು, ಕಾಲು ಭಾರವಾಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ತಂಪಾದರೆ ಮತ್ತೆ ಸರಿಹೋಗುತ್ತಿತ್ತು. "ಬಿಸಿಯಿಂದ ಕಾಯಿಲೆ ಹೆಚ್ಚಾಗೋದಿಲ್ಲ, ಆದ್ರೆ ಬಿದ್ದು ಮೂಳೆ ಮುರ್ಕೋಬಹುದು. ತಂಪಾಗಿಡಿ," ಎಂದಿದ್ದರು ಡಾಕ್ಟರು.

ಪ್ರೆಸ್ಸಿನಲ್ಲಿ ಅವಳು ಕೂರುವ ಕೋಣೆ ತಂಪಾಗಿತ್ತು; ಕಂಪ್ಯೂಟರುಗಳಿಗಾಗಿ ಎ.ಸಿ. ಹಾಕಿಸಿದ್ದರು. ನಮ್ಮ ಮನೆ ಹಳೆಯ ಕಾಲದ್ದು, ದಪ್ಪ ಗೋಡೆ, ಪರವಾಗಿರಲಿಲ್ಲ. ಕಷ್ಟವಿದ್ದದ್ದು ನಡುವಿನ ದಾರಿಯಲ್ಲಿ. ಮೆಟ್ರೋ ಒಳಗೇನೋ ತಂಪು, ಆದರೆ ಸ್ಟೇಷನ್ನಿಗೆ ನಡೆಯಬೇಕು, ಇಳಿದ ಮೇಲೂ ಬಿಸಿಲಲ್ಲಿ ನಡೆಯಬೇಕು. ಆಟೋ ಎಂದರೆ ಒಲೆಯ ಮುಂದೆ ಕೂತಂತೆ. ಬಾಡಿಗೆ ಕಾರಿನವರಲ್ಲಿ ಕೆಲವರು ಎ.ಸಿ. ಹಾಕಲು ಒಪ್ಪುತ್ತಿರಲಿಲ್ಲ, ಕೆಲವರು ಬರುತ್ತಲೇ ಇರಲಿಲ್ಲ. ನಾನು ಆಗಷ್ಟೇ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿದ್ದೆ. ಮನೆಯಲ್ಲಿ ಹಳೆಯ ಚಿಕ್ಕ ಕಾರೊಂದಿತ್ತು. ಶ್ರೀಧರ್‌ಗೆ ಕಾರು ಓಡಿಸಲು ಬರುವುದಿಲ್ಲ. ನಗರ್ತಪೇಟೆಯಲ್ಲಿರುವ ತಮ್ಮ ಗುಂಡಿ-ಜಿಪ್ಪು-ಲೈನಿಂಗ್ ಬಟ್ಟೆಯ ಅಂಗಡಿಗೆ ಇಂದಿಗೂ ಸ್ಕೂಟರಿನಲ್ಲೇ ಹೋಗುತ್ತಾರೆ. ಹಾಗಾಗಿ ವಸುಧಾಳನ್ನು ಕರೆದೊಯ್ದು ಕರೆತರುವ ಕೆಲಸ ನನ್ನದಾಯಿತು.

ಆ ವರ್ಷ ಅವಳ ಪ್ರೆಸ್ಸು ಮಕ್ಕಳಿಗಾಗಿ ಒಂದು ಚಿತ್ರ ನಿಘಂಟು ತರುತ್ತಿತ್ತು. ಶಾಲೆ ಶುರುವಾಗುವ ಹೊತ್ತಿಗೆ ಪುಸ್ತಕ ಅಂಗಡಿಗಳಿಗೆ ಹೋಗಬೇಕು. ಬೇರೆ ಪುಸ್ತಕಗಳ ನಡುವೆ ಎರಡು ವರ್ಷದಿಂದ ಅವಳು ಅದನ್ನು ಓದಿಕೊಂಡು ಬಂದಿದ್ದಳು. ಬೇಸಿಗೆ ಶುರುವಾದಾಗ 'ವ' ಅಕ್ಷರದಲ್ಲಿದ್ದಳು.

ಶ್ರೀಧರ್‌ಗೆ ಅವಳು ಹೋಗುವುದೇ ಇಷ್ಟವಿರಲಿಲ್ಲ. "ಆ ಹಾಳೆಗಳನ್ನ ಮನೆಗೇ ತರಿಸ್ಕೊಂಡು ಓದು ವಸು. ಯಾರು ಬೇಡ ಅಂತಾರೆ?" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ವಸುಧಾ ಒಂದು ದಿನ ತಟ್ಟೆಯಿಂದ ಕೈ ಎತ್ತಿ ಹೇಳಿದಳು: "ಅಣ್ಣ, ಮನೇಲಿ ಕೂತ್ರೆ ನಾನು ಪೇಷೆಂಟು. ಅಲ್ಲಿ ಯಾರೂ ನನ್ನ ಕಾಲು ನೋಡಲ್ಲ. ಬಂದು 'ಮೇಡಂ, ಇದಕ್ಕೆ ಒತ್ತು ಬೇಕಾ ಬೇಡ್ವಾ' ಅಂತ ಕೇಳ್ತಾರೆ."

ಶ್ರೀಧರ್ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅವರು ಒಪ್ಪಿರಲಿಲ್ಲ.

ಮಾರ್ಚ್ ನಡುವಿನಲ್ಲಿ ನಮ್ಮ ಕಾರಿನ ಎ.ಸಿ. ಸೋತಿತು. ಬೆಳಿಗ್ಗೆ ಹೋಗುವಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ವಾಪಸು ಬರುವಾಗ ಕಾಟನ್‌ಪೇಟೆಯ ಇಕ್ಕಟ್ಟಿನಲ್ಲಿ ಲಾರಿ, ಗಾಡಿಗಳ ನಡುವೆ ಸಿಕ್ಕಿಕೊಂಡರೆ ಬರುವ ಗಾಳಿ ಉಗುರುಬೆಚ್ಚಗಾಗುತ್ತಿತ್ತು. ಗ್ಯಾಸ್ ತುಂಬಿಸಿದೆ. ಮುಂದಿನ ಜಾಲರಿ ತೊಳೆಸಿದೆ. ಎರಡು ದಿನ ಚೆನ್ನಾಗಿದೆ ಅನ್ನಿಸಿ ಮತ್ತೆ ಅದೇ ಕತೆ. ಮನೆ ತಲುಪುವ ಹೊತ್ತಿಗೆ ವಸುಧಾ ಗೇಟು ಹಿಡಿದು, ಆಮೇಲೆ ಗೋಡೆ ಹಿಡಿದು, ಒಳಗೆ ಬರುತ್ತಿದ್ದಳು. ಶ್ರೀಧರ್ ಅದನ್ನು ನೋಡದಿರಲೆಂದು ನಾವಿಬ್ಬರೂ ಅವರು ಅಂಗಡಿಯಿಂದ ಬರುವುದರೊಳಗೆ ಅವಳ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡಿಸಿಬಿಡುತ್ತಿದ್ದೆವು.

ಕಾರಿನ ತೊಂದರೆ ಎಲ್ಲಿದೆ ಎಂದು ಕಂಡುಹಿಡಿದವಳು ಅವಳೇ. ಎಡಗಾಲು ಅರ್ಧ ಮರಗಟ್ಟಿದ್ದರಿಂದಲೋ ಏನೋ, ಬಲಗಾಲು ತುಂಬ ಸೂಕ್ಷ್ಮವಾಗಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಚಪ್ಪಲಿ ಬಿಟ್ಟು ಪಾದವನ್ನು ಆಚೆ ಈಚೆ ಆಡಿಸಿದಳು.

"ಅತ್ತಿಗೆ, ಎದುರಿಂದ ತಣ್ಣಗೆ ಬರ್ತಿದೆ. ಆದ್ರೆ ಕೆಳಗೆ ನನ್ನ ಕಾಲ ಮೇಲೆ ಯಾರೋ ಉಸಿರು ಬಿಡ್ತಿದಾರೆ."

"ಬಿಸಿಲಿಗೆ ಕಾರೇ ಕಾದಿರುತ್ತೆ ಬಿಡು."

"ಅಲ್ಲ ಅತ್ತಿಗೆ. ಕೈ ಇಡಿ ಇಲ್ಲಿ."

ನಾನು ಬಗ್ಗಿ ಕೈಯಿಟ್ಟೆ. ನಿಜ. ಆಗತಾನೆ ಕಾಫಿ ಕುಡಿದಿಟ್ಟ ಲೋಟದ ಹಾಗೆ ಅಲ್ಲಿ ಬಿಸಿಯಿತ್ತು.

ನಮ್ಮ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದ ಮುನಿರಾಜು ಅವರ ಶೆಡ್ಡು ಕಾಟನ್‌ಪೇಟೆಯ ಒಂದು ಸಂದಿಯಲ್ಲಿದೆ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿ ಹೇಳಿದ್ದು ಇಷ್ಟು. ಚಳಿಗಾಲದಲ್ಲಿ ಕಾರು ಬೆಚ್ಚಗಾಗಲೆಂದು ಎಂಜಿನ್ನಿನ ಬಿಸಿನೀರು ಒಂದು ಪೈಪಿನಲ್ಲಿ ಒಳಗೆ ಬಂದು, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ಹೀಟರ್ ಪೆಟ್ಟಿಗೆಯಲ್ಲಿ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ನಮ್ಮ ಕಾರಿನಲ್ಲಿ ಅದು ವರ್ಷವಿಡೀ ಸುತ್ತುತ್ತಲೇ ಇರುತ್ತದೆ. ಆ ಬಿಸಿ ನಮ್ಮ ಕಡೆ ಬಾರದಂತೆ ತಡೆಯಲು ಒಂದು ಮುಚ್ಚಳವಿದೆ, ಅದು ಮುರಿದಿದೆ. ಹೀಗಾಗಿ ಎ.ಸಿ. ತಣ್ಣಗೆ ಮಾಡಿದ್ದನ್ನು ಹೀಟರು ಬಿಸಿ ಮಾಡುತ್ತಿದೆ.

"ಮುಚ್ಚಳ ಹಾಕ್ಬೇಕು ಅಂದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಮೇಡಂ. ಹಳೇ ಪ್ಲಾಸ್ಟಿಕ್ಕು, ಬಿಚ್ಚಿದ್ರೆ ಪುಡಿಪುಡಿ ಆಗುತ್ತೆ. ಈ ಕಾರಿನ ಸಾಮಾನೂ ಈಗ ಬರ್ತಿಲ್ಲ," ಎಂದರು ಮುನಿರಾಜು.

"ಮತ್ತೇನ್ ಮಾಡೋದು?"

"ಬಿಸಿನೀರೇ ಒಳಗೆ ಬರದಂಗೆ ಮಾಡ್ಬಿಡೋಣ. ಬೆಂಗಳೂರಲ್ಲಿ ಹೀಟರ್ ಯಾರಿಗ್ ಬೇಕು? ಎರಡು ಪೈಪ್‌ನೂ ಕಳಚಿ, ಬಾಯಿಗೆ ಬೋಲ್ಟ್ ತುರುಕಿ, ಕ್ಲಿಪ್ ಹಾಕಿ ಬಿಗಿದ್ಬಿಡ್ತೀನಿ. ಕಾಫಿ ಕುಡ್ಕೊಂಡ್ ಬನ್ನಿ, ಅಷ್ಟ್ರೊಳಗೆ ರೆಡಿ."

ಹಾಗೇ ಆಯಿತು. ಅವತ್ತು ಸಂಜೆ ವಸುಧಾ ಕಾರಿನಲ್ಲಿ ಕೂತವಳು ಸ್ವಲ್ಪ ಹೊತ್ತಿಗೆ ದುಪಟ್ಟಾ ಹೊದ್ದುಕೊಂಡಳು. "ಅತ್ತಿಗೆ, ಚಳಿ!" ಎಂದು ನಕ್ಕಳು. ಮನೆಯ ಗೇಟಿನಿಂದ ಬಾಗಿಲವರೆಗೆ ಏನನ್ನೂ ಹಿಡಿಯದೆ ನಡೆದಳು. ಆ ವಾರವೆಲ್ಲ ನಾವು ರಜೆಗೆ ಹೊರಟ ಹುಡುಗಿಯರಂತೆ ಓಡಾಡಿದೆವು. ಅವಳು ಅವತ್ತು ಓದಿದ ಪದಗಳನ್ನೆಲ್ಲ ನನಗೆ ದಾರಿಯುದ್ದಕ್ಕೂ ಹೇಳುತ್ತಿದ್ದಳು. 'ಸ' ಅಕ್ಷರ ಮುಗಿಯುವಂತೆಯೇ ಇಲ್ಲ, ಕನ್ನಡದವರಿಗೆ ಇಷ್ಟೊಂದು 'ಸ' ಯಾಕೆ ಬೇಕಿತ್ತು ಎಂದು ಬೈಯುತ್ತಿದ್ದಳು.

ಮುಂದಿನ ವಾರ ಒಂದು ಸಂಜೆ, ಇನ್ನೇನು ಮನೆ ಬಂತು ಅನ್ನುವಾಗ, ಸಂಪಿಗೆ ರಸ್ತೆಯ ಜನಜಂಗುಳಿಯ ನಡುವೆ ಬಾನೆಟ್ಟಿನೊಳಗೆ ಪಟ್ ಎಂದಿತು. ಬಿಳಿ ಹಬೆ ಗಾಜನ್ನು ಮುಚ್ಚಿತು. ಆ ಸಿಹಿ ವಾಸನೆ ಕಾರೊಳಗೆ ತುಂಬಿತು. ಎಂಜಿನ್ ಆರಿಸಿದೆ, ಅದರ ಜೊತೆ ಎ.ಸಿ.ಯೂ ನಿಂತಿತು. ಹಿಂದಿನಿಂದ ಹಾರ್ನು, ಬೈಗುಳ. ಮೇಲೆ ಬಿಸಿಲು, ಮುಂದೆ ಕುದಿಯುವ ಎಂಜಿನ್ನು. ನಾನು ಇಳಿದು ಓಡಿ ಅವಳ ಕಡೆಯ ಬಾಗಿಲು ತೆಗೆದೆ.

"ಬಾ ವಸು, ನೆರಳಿಗೆ ಹೋಗೋಣ."

"ಕಾಲು ಬರ್ತಿಲ್ಲ ಅತ್ತಿಗೆ."

ಸೀರೆ ಅಂಗಡಿಯೊಂದರಿಂದ ಇಬ್ಬರು ಹೆಂಗಸರು ಪ್ಲಾಸ್ಟಿಕ್ ಕುರ್ಚಿ ತಂದರು. ಮೂವರೂ ಸೇರಿ ಅವಳನ್ನು ಅದರಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿಕೊಂಡು ಅಂಗಡಿಯ ಒಳಗೆ ತಂದೆವು. ಕಬ್ಬಿನ ಹಾಲಿನವರು ಒಂದು ಮಗ್ಗಿನ ತುಂಬ ಐಸು ತಂದುಕೊಟ್ಟರು. ನನ್ನ ಕರ್ಚೀಫಿನಲ್ಲಿ ಐಸು ಕಟ್ಟಿ ಅವಳ ಕತ್ತಿಗೆ, ಮಣಿಕಟ್ಟಿಗೆ ಒತ್ತಿದೆ. ಅವಳು ಕಣ್ಣು ಅಗಲಿಸಿ ಎದುರಿಗೆ ನೋಡುತ್ತಿದ್ದಳು.

"ಅತ್ತಿಗೆ, ಎಲ್ಲಿದೀರಾ?"

ನಾನು ಅವಳ ಮುಂದೆಯೇ ಮಂಡಿಯೂರಿ ಕೂತಿದ್ದೆ. ನನ್ನ ಕೈ ಅವಳ ಕತ್ತಿನ ಮೇಲಿತ್ತು.

"ಇಲ್ಲೇ ಇದೀನಲ್ಲ ಕಣೆ."

"ಕಾಣ್ತಿಲ್ಲ. ಬರೀ ಬೂದಿ ಬಣ್ಣ."

ಇದು ತಾತ್ಕಾಲಿಕ ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೊತ್ತಿನಲ್ಲಿ ಅದು ನನ್ನ ನೆರವಿಗೆ ಬರಲಿಲ್ಲ. ಅಂಗಡಿಯ ಹೆಂಗಸರು ಬೀಸಣಿಗೆ ಬೀಸುತ್ತಿದ್ದರು, ಯಾರೋ ದೇವರ ಹೆಸರು ಹೇಳುತ್ತಿದ್ದರು, ನಾನು ಐಸು ಒತ್ತುತ್ತಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅವಳು ನಿಧಾನವಾಗಿ ಕೈ ಎತ್ತಿ ನನ್ನ ಹಣೆ ಮುಟ್ಟಿದಳು.

"ಕುಂಕುಮ ಕಾಣ್ತಿದೆ," ಎಂದಳು.

ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಆಗ ಅತ್ತುಬಿಟ್ಟೆ.

ಸುದ್ದಿ ತಿಳಿದು ಶ್ರೀಧರ್ ಅಂಗಡಿಯನ್ನು ಅರ್ಧಕ್ಕೆ ಮುಚ್ಚಿ ಬಂದರು. ಕೂಗಾಡಲಿಲ್ಲ. ತಂಗಿಯ ಮಂಚದ ಪಕ್ಕ ನಿಂತು, "ಸಾಕು ವಸು. ಇನ್ನು ಎಲ್ಲಿಗೂ ಹೋಗೋದು ಬೇಡ. ನಿಂಗೆ ಕೈ ಮುಗೀತೀನಿ," ಎಂದರು. ನಿಜವಾಗಿಯೂ ಕೈ ಮುಗಿದರು. ಅಣ್ಣ ಕೂಗಾಡಿದ್ದರೆ ಅವಳು ಜಗಳವಾಡುತ್ತಿದ್ದಳು. ಆ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

ಅವಳು ಮನೆಯಲ್ಲಿ ಉಳಿದಳು. ಪ್ರೆಸ್ಸಿನ ಮಾಲೀಕರು ಫೋನು ಮಾಡಿ, "ಉಳಿದಿದ್ದನ್ನ ಬೇರೆಯವರ ಹತ್ರ ಓದಿಸೋಣ್ವಾ ಮೇಡಂ? ನೀವು ರೆಸ್ಟ್ ತಗೊಳ್ಳಿ," ಎಂದರು. "ನೋಡೋಣ ಸರ್," ಎಂದು ಇಟ್ಟಳು. ಹುಣಸೆಹಣ್ಣಿನ ಬೀಜ ಬಿಡಿಸಿದಳು, ಟಿ.ವಿ. ನೋಡಿದಳು. ಮೇಲ್ನೋಟಕ್ಕೆ ಆರಾಮಾಗಿದ್ದಳು. ಒಂದು ಮಧ್ಯಾಹ್ನ ಯಾರದೋ ಮದುವೆಯ ಕರೆಯೋಲೆ ಬಂತು. ನಮ್ಮ ಮನೆಗೆ ಯಾವ ಕರೆಯೋಲೆ ಬಂದರೂ ವಸುಧಾ ಪೆನ್ನು ಹಿಡಿದು ಅದರಲ್ಲಿ ತಪ್ಪು ಗುರುತು ಹಾಕದೆ ಬಿಟ್ಟವಳಲ್ಲ. ಅದು ಅವಳ ಚಟ, ನಮಗೆ ತಮಾಷೆ. ಅವತ್ತು 'ಆಮಂತ್ರಣ'ದಲ್ಲೇ ಒಂದು ಸೊನ್ನೆ ಬಿಟ್ಟುಹೋಗಿತ್ತು. ನನಗೇ ಕಂಡಿತು. ಅವಳು ಓದದೆ ಟೀಪಾಯಿಯ ಮೇಲಿಟ್ಟು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಸಂಪಿಗೆ ರಸ್ತೆಯಲ್ಲಿ ಕಂಡದ್ದಕ್ಕಿಂತ ಇದು ನನಗೆ ಹೆಚ್ಚು ಭಯ ತಂದಿತು. ಕಣ್ಣು ಮರಳಿ ಬಂದಿತ್ತು, ಆದರೆ ಅದಕ್ಕೆ ನೋಡಲು ಏನೂ ಬೇಕಾಗಿರಲಿಲ್ಲ. ಮನೆಯವರೆಲ್ಲ ಸೇರಿ ಒಬ್ಬರನ್ನು ಎಷ್ಟು ಜೋಪಾನ ಮಾಡಬಹುದು, ಯಾವ ಹಂತದಲ್ಲಿ ಅದು ಜೋಪಾನವಾಗಿ ಉಳಿಯುವುದಿಲ್ಲ ಎಂದು ಅವತ್ತು ತುಂಬ ಯೋಚಿಸಿದೆ.

"ವಸು, ಆ ಕಾರಿಗೆ ಏನಾಯ್ತು ಅಂತ ನಿಂಗನ್ಸುತ್ತೆ?" ಎಂದು ಕೇಳಿದೆ, ಸುಮ್ಮನೆ ಮಾತು ತೆಗೆಯಲು.

ಅವಳು ಬೀಜ ಬಿಡಿಸುತ್ತಲೇ ಹೇಳಿದಳು: "ಹರಿಯೋ ನೀರಿಗೆ ಬಿರಡೆ ಹಾಕಿದ್ರೆ ಇನ್ನೇನಾಗುತ್ತೆ? ಪೈಪು ಬೇರೆ ಹಳೇದು. ಒಡ್ಕೊಂಡು ಬಂತು. ನೀರನ್ನ ನಿಲ್ಲಿಸ್ಬಾರ್ದಿತ್ತು ಅತ್ತಿಗೆ. ಒಳಗೆ ಬರೋ ಬದಲು ಹಾಗೇ ತಿರುಗಿ ಎಂಜಿನ್‌ಗೆ ಹೋಗೋ ಹಾಗೆ ಒಂದು ದಾರಿ ಮಾಡ್ಕೊಡ್ಬೇಕಿತ್ತು."

ಊಟಕ್ಕೆಂದು ಆಗಷ್ಟೇ ಬಂದಿದ್ದ ಶ್ರೀಧರ್ ಬಾಗಿಲಲ್ಲಿ ನಿಂತಿದ್ದರು. ಹೆಲ್ಮೆಟ್ಟು ಕೈಯಲ್ಲೇ ಇತ್ತು. ಅದನ್ನು ಗೂಟಕ್ಕೆ ಹಾಕಿ ಕೈಕಾಲು ತೊಳೆಯಲು ಹೋದರು.

ಮಾರನೆಯ ದಿನ ನಾನು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ನಾಲ್ಕು ಅಂಗಡಿಯವರು ಇಂಥದ್ದು ಇಲ್ಲ ಎಂದರು. ಐದನೆಯವರು ನನ್ನ ಮಾತು ಪೂರ್ತಿ ಕೇಳಿ, ಒಳಗಿನಿಂದ ನಾಲ್ಕು ಬಾಯಿಗಳ ಒಂದು ವಾಲ್ವು ತಂದು ಮೇಜಿನ ಮೇಲಿಟ್ಟರು. ಅದರ ಕಿವಿಯಂಥ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಬಿಸಿನೀರು ಹೀಟರಿಗೆ ಹೋಗುತ್ತದೆ; ಇನ್ನೊಂದು ಕಡೆ ತಿರುಗಿಸಿದರೆ ಅಲ್ಲಿಂದಲೇ ಎಂಜಿನ್ನಿಗೆ ಮರಳುತ್ತದೆ. ವಸುಧಾ ಹೇಳಿದ್ದು ಇದನ್ನೇ. ಅದನ್ನೂ ಹೊಸ ಪೈಪುಗಳನ್ನೂ ತೆಗೆದುಕೊಂಡು ಮುನಿರಾಜು ಅವರ ಶೆಡ್ಡಿಗೆ ಹೋದೆ.

ಅವರು ಮುಖ ಸಣ್ಣದು ಮಾಡಿಕೊಂಡರು. "ಬೇಡ ಮೇಡಂ. ಅವತ್ತು ನಾನು ಅರ್ಜೆಂಟ್ ಮಾಡ್ಬಿಟ್ಟೆ. ಪೈಪ್ ನೋಡ್ಬೇಕಿತ್ತು, ನೋಡ್ಲಿಲ್ಲ. ಅಕ್ಕಾವ್ರಿಗೆ ಮತ್ತೇನಾದ್ರೂ ಆದ್ರೆ?"

"ಅದಕ್ಕೇ ಈ ಸಲ ಅರ್ಜೆಂಟ್ ಬೇಡ. ಎಷ್ಟು ದಿನ ಆದ್ರೂ ಇಟ್ಕೊಳ್ಳಿ."

ಅವರು ಇಟ್ಟುಕೊಂಡರು. ಹಳೆಯ ಪೈಪುಗಳನ್ನೆಲ್ಲ ಬದಲಿಸಿ, ವಾಲ್ವು ಕೂರಿಸಿ, ಎಂಜಿನ್ನನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿದರು. ಒಂದು ಕ್ಲಿಪ್ಪಿನಲ್ಲಿ ಹನಿ ಜಿನುಗಿತೆಂದು ಮತ್ತೆ ಬಿಚ್ಚಿ ಬಿಗಿದರು. ನಾನು ಕಾರು ಮನೆಗೆ ತಂದದ್ದು ಶನಿವಾರ.

ಭಾನುವಾರ ಊಟ ಮುಗಿಸಿದ ಶ್ರೀಧರ್ ಮಲಗಲಿಲ್ಲ. ಚಪ್ಪಲಿ ಹಾಕಿಕೊಂಡು ಬಂದು, "ಕಾರು ತೆಗಿ," ಎಂದರು.

"ಈ ಬಿಸಿಲಲ್ಲಿ ಎಲ್ಲಿಗ್ರೀ?"

"ಜಾಮ್ ಇರೋ ಕಡೆ."

ವಸುಧಾ ಕೂರುವ ಸೀಟಿನಲ್ಲಿ ಕೂತರು. ಚಪ್ಪಲಿ ಬಿಟ್ಟು, ಪ್ಯಾಂಟು ಮೇಲಕ್ಕೆ ಮಡಚಿ, ಬಲಗಾಲನ್ನು ಮುಂದಕ್ಕೆ ಚಾಚಿದರು. ಅವಳು ಕೈಯಿಡಿ ಎಂದಿದ್ದ ಜಾಗ ಯಾವುದೆಂದು ನನ್ನನ್ನು ಕೇಳಿ ಸರಿಯಾಗಿ ಅಲ್ಲೇ ಪಾದ ಇಟ್ಟರು. ನಾನು ಮಾರ್ಕೆಟ್ಟಿನವರೆಗೆ ಹೋದೆ. ಹೂವು, ಬಾಳೆಲೆಗಳ ಗಾಡಿಗಳ ನಡುವೆ ಕಾರು ತೆವಳಿತು. ನನ್ನ ಗಂಡ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು, ಅದು ನಡುವಿನಲ್ಲೇ ನಿಂತಿತ್ತು. ನಾನು ಸಾಕೇ ಎಂದಾಗ, "ಇನ್ನೊಂದು ಸುತ್ತು," ಎಂದರು. ಆಮೇಲೆ ಮತ್ತೊಂದು ಸುತ್ತು. ಈ ಮನುಷ್ಯ ಎಷ್ಟು ಹೆದರಿದ್ದರೆಂದು ನನಗೆ ಅರ್ಥವಾದದ್ದು ಆ ಮೂರನೇ ಸುತ್ತಿನಲ್ಲಿ. ಮೊದಲ ಸಲ ಬಸ್ಸಿನಿಂದ ಬಿದ್ದ ತಂಗಿಯನ್ನು ರಸ್ತೆಯಿಂದ ಎತ್ತಿಕೊಂಡು ಬಂದವರು ಅವರೇ.

ಮನೆಗೆ ಬಂದು ವಸುಧಾ ಕೂತಿದ್ದ ನಡುಮನೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತರು.

"ಕಾಲು ತಣ್ಣಗಿದೆ," ಎಂದರು.

"ಯಾರ ಕಾಲು?"

"ನಂದೇ. ನಾಳೆ ಹತ್ತಕ್ಕೆ ರೆಡಿಯಾಗಿರು. ಒದ್ದೆ ಟವೆಲ್ಲು, ಐಸ್ ಡಬ್ಬಿ ಇಟ್ಕೊಂಡೇ ಹೋಗ್ಬೇಕು. ಅದರಲ್ಲಿ ರಾಜಿ ಇಲ್ಲ."

ವಸುಧಾ ಅಣ್ಣನ ಮುಖ ನೋಡಿದಳು, ಮಡಚಿದ ಪ್ಯಾಂಟು ನೋಡಿದಳು. ಟೀಪಾಯಿಯ ಮೇಲಿದ್ದ ಕರೆಯೋಲೆಯನ್ನು ಎಳೆದುಕೊಂಡು ಪೆನ್ನು ಹುಡುಕಿದಳು.

ಆ ವಾಲ್ವು ಅವಳ ಕಾಯಿಲೆಯನ್ನೇನೂ ವಾಸಿ ಮಾಡಲಿಲ್ಲ. ಈಗ ಅವಳು ಊರುಗೋಲು ಹಿಡಿಯುತ್ತಾಳೆ, ಪ್ರೆಸ್ಸಿಗೆ ವಾರದಲ್ಲಿ ಮೂರು ದಿನ ಮಾತ್ರ ಹೋಗುತ್ತಾಳೆ. ಆದರೆ ಆ ಏಪ್ರಿಲ್, ಮೇ ತಿಂಗಳುಗಳಲ್ಲಿ, ಊರೆಲ್ಲ ಕುದಿಯುತ್ತಿದ್ದಾಗ, ಅವಳು ಒಂದು ದಿನವೂ ಗೋಡೆ ಹಿಡಿಯಲಿಲ್ಲ. 'ಸ' ಮುಗಿಸಿದಳು, 'ಹ' ಮುಗಿಸಿದಳು. ಕೊನೆಯ ಹಾಳೆಗೆ ಸಹಿ ಹಾಕಿ ಬಂದ ಸಂಜೆ ಕಾರಿನಲ್ಲಿ ಕೂತು ಮನೆಯವರೆಗೂ ನಿದ್ದೆ ಮಾಡಿದಳು.

ಜೂನ್ ಮೊದಲಲ್ಲಿ ಮಳೆ ಹಿಡಿದು ಊರು ತಣ್ಣಗಾಯಿತು. ಅದೇ ವಾರ ಪುಸ್ತಕ ಬಂತು. ಶ್ರೀಧರ್ ಅಂಗಡಿಗೆ ರಜೆ ಹಾಕಿ ವರಾಂಡದಲ್ಲಿ ಕೂತು 'ಅ'ದಿಂದ ಓದಲು ಶುರು ಮಾಡಿದರು. ತಂಗಿ ತಿದ್ದಿದ ಒಂದು ಪುಸ್ತಕವನ್ನೂ ಅವರು ಅದುವರೆಗೆ ತೆರೆದು ನೋಡಿದವರಲ್ಲ. ಬೆಳಗಿನ ಕಾಫಿಯಾಯಿತು, ತಿಂಡಿಯಾಯಿತು, ಮನುಷ್ಯ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಮ್ಮೆಲೇ ಕೂಗಿಕೊಂಡರು.

"ವಸು! ಬಾ ಇಲ್ಲಿ! ಹಲಸಿನ ಹಣ್ಣಿನ ಚಿತ್ರ ಹಾಕಿ, ಕೆಳಗೆ ಏನು ಬರ್ದಿದೀರ ನೋಡು. ಹಸಲು! ಹಸಲು ಅಂತೆ!"

ವಸುಧಾ ಬಂದು ಪುಸ್ತಕ ಕಿತ್ತುಕೊಂಡಳು. ನೋಡಿದಳು. ಕಿವಿಯವರೆಗೆ ಕೆಂಪಾದಳು. "ಅಯ್ಯೋ ರಾಮ. ಇದು ಹೇಗೆ ತಪ್ಪಿಸ್ಕೊಳ್ತು? ಎರಡನೇ ಮುದ್ರಣದಲ್ಲಿ ತಿದ್ದಿಸ್ಬೇಕು. ಅತ್ತಿಗೆ, ನಾಳೆ ಹೋಗೋಣ್ವಾ?"

ಶ್ರೀಧರ್ ಎದ್ದು ಒಳಗೆ ಹೋಗಿ ಕಾರಿನ ಕೀಲಿ ತಂದು ನನ್ನ ಕೈಗಿಟ್ಟರು.

"ನಾಳೆ ಯಾಕೆ? ಈಗಲೇ ಹೊರಡಿ. ನಾಳೆ ಹೊತ್ತಿಗೆ ಎಷ್ಟು ಮಕ್ಕಳು ಹಸಲು ತಿಂದಿರ್ತಾರೋ."